ಕುರುಗೋಡಿನ ಕಾದ ಕಲ್ಲಿನ ಮೇಲೆ

ಬೇಸಗೆಯಲ್ಲಿ ಬಳ್ಳಾರಿಗೆ ಬರಬೇಡಿರೆಂದು ನೆಂಟರಿಗೆ ತಿಳಿಸುವುದು ನಮ್ಮ ಮನೆಯ ಹಳೆಯ ವಾಡಿಕೆ. ಊರ ನಡುವೆಯೇ ಎದ್ದುನಿಂತ ಬೋಳುಗುಡ್ಡಗಳು ಹಗಲೆಲ್ಲ ಬಿಸಿಲನ್ನು ಕುಡಿದು, ರಾತ್ರಿಯೆಲ್ಲ ಅದನ್ನು ನಮಗೆ ಹಂಚುತ್ತವೆ. ಅವುಗಳಲ್ಲಿ ಒಂದರ ಮೇಲಿರುವುದೇ ಪ್ರಸಿದ್ಧವಾದ ಕೋಟೆ. ಮೇಲಿನ ಕೋಟೆ ಪಾಳೆಯಗಾರ ಹನುಮಪ್ಪನಾಯಕನದು, ಕೆಳಗಿನದು ಹೈದರಾಲಿಯದು. ಪಕ್ಕದ ಕುಂಬಾರಗುಡ್ಡವೇ ಹೆಚ್ಚು ಎತ್ತರವೆಂಬ ಸಂಗತಿ ಕೋಟೆ ಮುಗಿದ ಮೇಲೆ ಬೆಳಕಿಗೆ ಬಂದು, ಹೈದರನು ತನ್ನ ಫ್ರೆಂಚ್ ಎಂಜಿನಿಯರನನ್ನು ಬಾಗಿಲಲ್ಲೇ ಗಲ್ಲಿಗೇರಿಸಿದನೆಂದು ಐತಿಹ್ಯ. ನಿಜವೋ ಸುಳ್ಳೋ, ನೌಕರಿಯ ಮಾತು ಬಂದಾಗಲೆಲ್ಲ ನನಗೆ ಆ ಬಡಪಾಯಿಯ ನೆನಪಾಗುವುದುಂಟು.

ಕಳೆದ ಏಪ್ರಿಲಿನ ಒಂದು ಶನಿವಾರ, ಶಾಸನಗಳಲ್ಲಿ ಅಭಿರುಚಿಯುಳ್ಳ ಏಳೆಂಟು ವಿದ್ಯಾರ್ಥಿಗಳೊಡನೆ ಕುರುಗೋಡಿಗೆ ಹೊರಟೆ. ಸಂಗನಕಲ್ಲಿನ ಗುಡ್ಡವನ್ನೂ ತೋರಿಸಬೇಕೆಂಬ ಆಸೆಯಿತ್ತು. ಅಲ್ಲಿನ ಕೆಲವು ಕರಿಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಿನದಿಸುತ್ತವೆ. ನವಶಿಲಾಯುಗದ ಜನ ಹಾಗೆ ತಟ್ಟಿದ ಗುಳಿಗಳು ಇಂದಿಗೂ ಉಳಿದಿವೆ. ಆದರೆ ಬಿಸಿಲೇರುವ ಭಯದಿಂದ ಅದನ್ನು ಮತ್ತೊಂದು ದಿನಕ್ಕೆ ಬಿಟ್ಟೆವು.

ಕುರುಗೋಡು ಈಚೆಗೆ ತಾಲ್ಲೂಕು ಕೇಂದ್ರವಾಗಿದೆ. ಅದರ ಹಿರಿಮೆ ಮಾತ್ರ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ವಂಶದವರು ಇಲ್ಲಿಂದ ನಾಡನ್ನಾಳಿದರು. ಗುಡ್ಡಗಳ ತಪ್ಪಲಲ್ಲಿ ಗುಡಿಗಳು ಚೆದರಿ ನಿಂತಿವೆ. ಎಲ್ಲಕ್ಕಿಂತ ಹೆಚ್ಚು ಜನ ಬರುವುದು ದೊಡ್ಡಬಸವೇಶ್ವರನಿಗೆ. ಎರಡಾಳು ಎತ್ತರದ ಆ ಏಕಶಿಲಾ ನಂದಿಯನ್ನು ಗರ್ಭಗುಡಿಯ ಮಸಕು ಬೆಳಕಿನಲ್ಲಿ ಕಂಡಾಗ, ಕಲ್ಲು ಈಗತಾನೆ ಮೆಲುಕು ನಿಲ್ಲಿಸಿತೋ ಎಂಬ ಭ್ರಾಂತಿಯಾಗುತ್ತದೆ.

ನಾವು ನಂದಿಯೆದುರು ನಿಂತಿದ್ದಾಗಲೇ ನಮ್ಮೊಡನಿದ್ದ ಹುಡುಗಿಯೊಬ್ಬಳ ಮೊಬೈಲು ಸದ್ದುಮಾಡಿತು. ಆಕೆ ಸಿರುಗುಪ್ಪದ ಕಡೆಯವಳು, ಬಿ.ಕಾಂ. ಕಡೆಯ ವರ್ಷ. ಬೆಂಗಳೂರಿನ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಅಂದು ಸಾಯಂಕಾಲ ನಾಲ್ಕು ಗಂಟೆಗೆ ಅವಳ ಸಂದರ್ಶನವಿತ್ತು. ಅಷ್ಟರೊಳಗೆ ಊರು ಸೇರಿ, ಕದವಿಕ್ಕಿಕೊಂಡು ಕುಳಿತು ಮಾತಾಡುವುದೆಂದು ನಿಶ್ಚಯಿಸಿದ್ದಳು. ಆ ಮಹನೀಯರು ಹನ್ನೊಂದೂವರೆಗೇ ಕರೆದು, "ಈಗಲೇ ಮುಗಿಸಿಬಿಡೋಣವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಲ್ಲೆನೆನ್ನುವ ಧೈರ್ಯ ಯಾರಿಗಿದೆ?

ಕಲ್ಲುಮಂಟಪದೊಳಗೆ ಧ್ವನಿ ತುಂಡುತುಂಡಾಗುತ್ತಿತ್ತು. ಆಕೆ ಅಂಗಳಕ್ಕೆ ಓಡಿದಳು. ಚಪ್ಪಲಿಗಳೆಲ್ಲ ಹೊರಬಾಗಿಲಲ್ಲಿ, ಅಂಗಳದ ಹಾಸುಗಲ್ಲೋ ಕಾದ ಹಂಚು! ಬರೆದಿಟ್ಟುಕೊಂಡಿದ್ದ ಉತ್ತರಗಳ ಚೀಲ ವ್ಯಾನಿನಲ್ಲಿ. ಒಂದು ಕಾಲನ್ನೆತ್ತಿ ಇನ್ನೊಂದನ್ನೂರುತ್ತ, "ಯೆಸ್ ಸರ್" ಎನ್ನುತ್ತಿದ್ದ ಅವಳನ್ನು ಕಂಡು ನಗುವುದೋ ಮರುಗುವುದೋ ತಿಳಿಯದಾಯಿತು. ಗೆಳತಿಯೊಬ್ಬಳು ಕೊಡದಲ್ಲಿ ನೀರು ತಂದು ಅವಳ ಪಾದಗಳ ಸುತ್ತ ಸುರಿದಳು. ನೀರು ನೋಡುನೋಡುತ್ತಲೇ ಆರಿತು, ಮತ್ತೆ ಸುರಿದಳು. ಪೂಜಾರಿ ಅಜ್ಜನಿಗೆ ವಿಷಯ ತಿಳಿಸಿದೆ. "ನೌಕರಿ ಮಾತೇನ್ರೀ? ಬಸಪ್ಪ ಏನೂ ಅನ್ನಂಗಿಲ್ಲ, ಬಿಡ್ರಿ" ಎಂದು ಗಂಟೆಯ ನಾಲಗೆಗೆ ಒಂದು ವಸ್ತ್ರ ಸುತ್ತಿಬಿಟ್ಟ. ಅದಕ್ಕೂ ಮೊದಲೇ ಬಂದ ಭಕ್ತರೊಬ್ಬರು ನಾಲ್ಕು ಸಲ ಬಾರಿಸಿ ಆಗಿತ್ತು.

ಅದೇನು ಸದ್ದೆಂದು ಆಚೆಯವರು ಕೇಳಿರಬೇಕು. ಆಕೆ ತಾನು ಗುಡಿಯಲ್ಲಿರುವುದಾಗಿ ನೇರವಾಗಿ ಹೇಳಿದಳು. ಮುಂದಿನ ಪ್ರಶ್ನೆ, ಎರಡು ಲೆಕ್ಕಗಳು ತಾಳೆಯಾಗದಿದ್ದರೆ ಏನು ಮಾಡುವೆ ಎಂದು. ಕಂಠಪಾಠದ ಇಂಗ್ಲಿಷು ಅಲ್ಲಿಗೆ ನಿಂತಿತು. ಅರೆಕ್ಷಣ ಸುಮ್ಮನಿದ್ದು, ತನ್ನ ಮನೆಯ ಬತ್ತದ ಲೆಕ್ಕವನ್ನೇ ಹೇಳತೊಡಗಿದಳು: 75 ಕಿಲೋ ಚೀಲದ ತೂಕ ಹೊಲದಲ್ಲಿ ಒಂದು, ಗಿರಣಿಯಲ್ಲಿ ಇನ್ನೊಂದು, ತೇವಕ್ಕೆಂದು ಎಷ್ಟು ಕಳೆದರು, ಗೋಣಿಗೆಂದು ಎಷ್ಟು, ಹಮಾಲಿಗೆ ಎಷ್ಟು, ಒಂದೊಂದನ್ನೂ ಹಿಂದಕ್ಕೆ ಕೂಡುತ್ತ ಹೋದರೆ ವ್ಯತ್ಯಾಸ ಎಲ್ಲಿ ಹುಟ್ಟಿತೆಂದು ಗೊತ್ತಾಗುತ್ತದೆ, ಎಂದು. ವ್ಯಾಕರಣ ಮುರಿದಿತ್ತು, ಮಾತು ಮುರಿದಿರಲಿಲ್ಲ. ಹತ್ತು ವರ್ಷದಿಂದ ಪಾಠ ಹೇಳುತ್ತಿರುವ ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಹಿಂದೆ ಸಂದರ್ಶನಕ್ಕೆ ಕಾಗದದಲ್ಲಿ ಕರೆಯುತ್ತಿದ್ದರು. ಪ್ರಯಾಣದ ಖರ್ಚು ನಮ್ಮದೇ ಆದರೂ, ಹೋದವರಿಗೆ ಒಂದು ಕುರ್ಚಿಯನ್ನಾದರೂ ಕೊಡುತ್ತಿದ್ದರು. ಈಗ ಬೆಂಗಳೂರಿಗೆ ಹೋಗಿಬರುವ ಹಣವುಳಿಯುತ್ತದೆ, ನಿಜ. ಗುತ್ತಿಗೆಯ ಹೊಲ ಮಾಡುವವರ ಮನೆಗೆ ಅದು ಸಣ್ಣ ಮಾತಲ್ಲ. ಆದರೆ ಕುರ್ಚಿಯ ಜೊತೆಗೆ ಹೇಳಿದ ಹೊತ್ತೂ ಹೋಯಿತು.

ಮುಂದಿನ ವಾರ ತಿಳಿಸುತ್ತೇವೆಂದು ಅವರು ಕರೆ ಮುಗಿಸಿದರು. ಹುಡುಗಿಯ ಅಂಗಾಲುಗಳು ಕೆಂಪೇರಿದ್ದವು. ಅವಳನ್ನು ಊರು ಮುಟ್ಟಿಸಿಯೇ ಹಿಂತಿರುಗುವುದೆಂದು ವ್ಯಾನನ್ನು ಸಿರುಗುಪ್ಪದತ್ತ ತಿರುಗಿಸಿದೆವು.

ತೆಕ್ಕಲಕೋಟೆಯ ಗುಡ್ಡಗಳನ್ನು ಕಿಟಕಿಯಿಂದಲೇ ತೋರಿಸಿದೆ. 1963-64ರಲ್ಲಿ ಎಂ. ಎಸ್. ನಾಗರಾಜರಾಯರು ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ವಸತಿಯನ್ನು ಹೊರಗೆಡಹಿದರು. ಅಲ್ಲಿಂದ ಮುಂದೆ ನೋಟವೇ ಬೇರೆ. ತುಂಗಭದ್ರೆಯ ನೀರು ಹರಿದಲ್ಲೆಲ್ಲ ಬತ್ತದ ಗದ್ದೆ. ಅಣೆಕಟ್ಟಿನ ಕಾಲುವೆ ಬಂದದ್ದು ನಮ್ಮ ಹಿರಿಯರ ನೆನಪಿನ ಕಾಲದಲ್ಲಿ. ಆದರೆ ಸಿರುಗುಪ್ಪ, ದೇಶನೂರುಗಳ ಕಾಲುವೆಗಳು ವಿಜಯನಗರದ ಅರಸರ ಕಾಲದವು. ಬೇಸಗೆಯ ಬೆಳೆಯ ಕೊಯ್ಲು ನಡೆದಿತ್ತು. ರಸ್ತೆಯ ಒಂದು ಮಗ್ಗುಲಲ್ಲಿ ಬತ್ತವನ್ನು ಹರವಿದ್ದರು. ನಮ್ಮ ಚಾಲಕ ಅದಕ್ಕೆ ದಾರಿಬಿಟ್ಟು ಮೆಲ್ಲನೆ ನಡೆಸಿದ.

ಹುಡುಗಿಯ ತಂದೆ ಅಲ್ಲಿಯೇ ಇದ್ದರು. ಬರಿಗಾಲಲ್ಲಿ ಬತ್ತದೊಳಗೆ ಸಾಲುಸಾಲಾಗಿ ನಡೆಯುತ್ತ, ಕಾಲಿನಿಂದಲೇ ಕಾಳನ್ನು ತಿರುವುತ್ತಿದ್ದರು. ನನಗೆ ಕೈಮುಗಿದು, ಮಗಳನ್ನು ಕೇಳಿದರು:

"ಏನಾತವ್ವಾ?"

"ಮುಂದಿನ ವಾರ ಹೇಳ್ತಾರಂತಪ್ಪಾ."

"ಎಷ್ಟ್ ಕೊಡ್ತಾರಂತ?"

"ಅದನ್ನ ಹೇಳಲಿಲ್ಲ."

ಪಡುವಣದಲ್ಲಿ ಕರಿಮೋಡವೊಂದು ಏರುತ್ತಿತ್ತು. ತಂದೆ ಅದನ್ನೊಮ್ಮೆ ನೋಡಿ, "ಅತ್ಲಾಗಿನ ಚುಂಗು ಹಿಡಿಯವ್ವಾ" ಎಂದು ತಾಡಪತ್ರಿಯನ್ನು ಬಿಚ್ಚಿದರು. ಹುಡುಗಿ ಚಪ್ಪಲಿಗಳನ್ನು ರಸ್ತೆಯಂಚಿನಲ್ಲಿ ಬಿಟ್ಟು ಬತ್ತದೊಳಕ್ಕೆ ಇಳಿದಳು. ನಮ್ಮ ಹುಡುಗರೂ ಪ್ಯಾಂಟು ಮಡಿಸಿಕೊಂಡು ಹಿಂದೆಯೇ ಇಳಿದರು.