ಸೇದದೆ ಇಟ್ಟವರ ತಂಬಾಕು

ಹಳೆಯ ಪೈಪ್ ತಂಬಾಕು ಸೇದಬೇಕೆಂದರೆ ಮೊದಲು ಬೇಕಾದದ್ದು ಸಂಯಮ, ಅದೂ ಬೇರೆಯವರದು. ಯಾರೋ ಒಬ್ಬರು ಡಬ್ಬಿ ಕೊಂಡು, ಬೀರುವಿನ ಮೂಲೆಗೆ ಸರಿಸಿ, ಇವತ್ತಲ್ಲ ನಾಳೆ ಎನ್ನುತ್ತ ಇಪ್ಪತ್ತು-ಮೂವತ್ತು ವರ್ಷ ದೂಡಿರಬೇಕು. ಕೆಲವರು ಬೇಕೆಂದೇ ಇಟ್ಟಿರುತ್ತಾರೆ, ಕೆಲವರು ಮರೆತಿರುತ್ತಾರೆ. ನನ್ನ ಕೈಗೆ ಬಂದ ಡಬ್ಬಿಗಳಲ್ಲಿ ಹೆಚ್ಚಿನವು ಡಾಕ್ಟರ ಮಾತಿಗೆ ಹೆದರಿ ಪೈಪನ್ನೇ ಬಿಟ್ಟ ಪುಣ್ಯಾತ್ಮರವು. ಇಂಗ್ಲೆಂಡಿನಲ್ಲಿ ನೆಲೆಸಿರುವ ಗೆಳೆಯನೊಬ್ಬನಿಗೆ ಇಂಥ ಮನೆಗಳ ಸುಳಿವು ಅದು ಹೇಗೋ ಸಿಗುತ್ತದೆ. ಊರಿಗೆ ಬರುವಾಗ ನನ್ನ ಪಾಲು ತರುತ್ತಾನೆ.

ಡಬ್ಬಿ ಕೈಗೆ ಬಂದ ಕೂಡಲೇ ತೆರೆಯುವ ಹಾಗಿಲ್ಲ. ಅಡಿ, ಅಂಚು, ಮುಚ್ಚಳದ ಸಂದು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ತುಕ್ಕಿನ ತೂತಿದ್ದರೂ ಸಾಕು, ಒಳಗಿನದು ಯಾವತ್ತೋ ಒಣಗಿ ಪುಡಿಯಾಗಿರುತ್ತದೆ. ಮುಚ್ಚಳ ಕೊಂಚ ಉಬ್ಬಿದ್ದರೆ ನನಗೆ ಖುಷಿ: ಒಳಗೆ ಹುದುಗುವ ಕೆಲಸ ನಡೆದು ಅನಿಲ ತುಂಬಿಕೊಂಡಿದೆ. ಮನೆಯವಳ ಅಭಿಪ್ರಾಯ ಬೇರೆ. “ಅಲ್ರೀ, ಹಾಲಿನಪುಡಿ ಡಬ್ಬ ಹೀಗೆ ಉಬ್ಬಿದ್ರೆ ತಿಪ್ಪೆಗೆ ಎಸೀತಾರೆ, ನೀವು ಮುದ್ದು ಮಾಡ್ತಿದೀರಲ್ಲ!” ಸಂದಿಗೆ ನಾಣ್ಯದ ಅಂಚು ಸಿಕ್ಕಿಸಿ ಮೆಲ್ಲಗೆ ತಿರುಗಿಸಿದರೆ ‘ಉಸ್’ ಎಂದು ಸದ್ದು. ಆ ಸದ್ದು ಬಂತೆಂದರೆ ಅರ್ಧ ಗೆದ್ದ ಹಾಗೆ.

ಒಳಗೆ ಸಾಮಾನ್ಯವಾಗಿ ಫ್ಲೇಕ್ ಇರುತ್ತದೆ, ಅಂದರೆ ಎಲೆಗಳನ್ನು ಒತ್ತಿ ಗಟ್ಟಿಮಾಡಿ ತೆಳ್ಳಗೆ ಕೊಯ್ದ ಪಟ್ಟಿಗಳು. ಹೊಸದರಲ್ಲಿ ಜೇನಿನ ಬಣ್ಣವಿದ್ದದ್ದು ಈಗ ಕಡುಗಂದು. ನಮ್ಮಲ್ಲಿ ಹಳೇ ಹುಣಸೆಹಣ್ಣು ಹೇಗೆ ಕಪ್ಪಾಗಿ, ಜಿಗುಟಾಗಿ, ಹುಳಿಯ ಚುಚ್ಚು ಕಳೆದುಕೊಂಡಿರುತ್ತದೋ ಹಾಗೆ. ಮೇಲೆ ಅಲ್ಲಲ್ಲಿ ಬಿಳಿಯ ಹರಳು ಮಿನುಗಬಹುದು. ಬೂಷ್ಟು ಎಂದು ಗಾಬರಿಯಾಗಿ ಎಸೆದವರಿದ್ದಾರೆ. ಬೂಷ್ಟಿಗೆ ನವಿರು ರೋಮವಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ, ಹರಳಿಗೆ ಹೊಳಪಿರುತ್ತದೆ. ಮೂಗಿಗೆ ಮೊದಲು ಬಡಿಯುವುದು ಒಂದು ಬಗೆಯ ಹುಳಿಘಾಟು. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೆ ಅದು ಇಳಿದು ಒಣದ್ರಾಕ್ಷಿ, ಅಂಜೂರ, ತೇವದ ಮಣ್ಣು ಒಂದೊಂದಾಗಿ ಏಳುತ್ತವೆ.

ಇದೆಲ್ಲ ಹೇಗಾಗುತ್ತದೆ ಎಂಬುದಕ್ಕೆ ಉತ್ತರದ ಒಂದು ತುದಿ ನಮ್ಮ ಹುಣಸೂರು-ಪಿರಿಯಾಪಟ್ಟಣದ ಕಡೆಯೇ ಇದೆ. ಅಲ್ಲಿ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಅದನ್ನು ಬ್ಯಾರನ್ನಿನಲ್ಲಿ ತೂಗುಹಾಕಿ, ನೆಲದ ಮೇಲೆ ಹಾಯಿಸಿದ ಕಬ್ಬಿಣದ ಕೊಳವೆಗಳ ಶಾಖದಲ್ಲಿ ಐದಾರು ದಿನ ಬೇಯಿಸುತ್ತಾರೆ. ಹೊಗೆ ಎಲೆಗೆ ತಾಕುವುದಿಲ್ಲ. ಮೊದಲ ಹಂತದ ಸಣ್ಣ ಶಾಖದಲ್ಲಿ ಎಲೆ ಹಳದಿಯಾಗುತ್ತ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಏರಿಸಿದಾಗ ಆ ಸಕ್ಕರೆ ಅಲ್ಲೇ ಉಳಿದುಬಿಡುತ್ತದೆ. ನಿಪ್ಪಾಣಿಯ ಬೀಡಿ ತಂಬಾಕಿನ ಹಾಗೆ ಬಿಸಿಲಲ್ಲಿ ಒಣಗಿದ್ದಕ್ಕೆ ಈ ಸಿಹಿ ಇರುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ವರ್ಷಗಟ್ಟಲೆ ನಡೆಯುವ ಆಟವೆಲ್ಲ ಬಹುಮಟ್ಟಿಗೆ ಈ ಸಕ್ಕರೆಯ ಮೇಲೆಯೇ. ಮೊದಲು ಡಬ್ಬಿಯಲ್ಲಿ ಉಳಿದಿದ್ದ ಆಮ್ಲಜನಕ ಮುಗಿಯುತ್ತದೆ, ಆಮೇಲೆ ಗಾಳಿಯಿಲ್ಲದೆಯೇ ನಿಧಾನವಾಗಿ ಹುದುಗು ಸಾಗುತ್ತದೆ, ಸಕ್ಕರೆ ಇತರ ವಸ್ತುಗಳ ಜೊತೆ ಕೂಡಿ ಬಣ್ಣವನ್ನೂ ಪರಿಮಳವನ್ನೂ ಬದಲಿಸುತ್ತದೆ. ಮೊದಲ ಐದಾರು ವರ್ಷದಲ್ಲಿ ಬದಲಾವಣೆ ಹೆಚ್ಚು, ಮುಂದಿನದೆಲ್ಲ ಆಮೆನಡಿಗೆ.

ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವ ನನ್ನ ಸೋದರಳಿಯನಿಗೆ ಇದನ್ನು ವಿವರಿಸಿದೆ. ಅವನು ಪಟ್ಟಿಯೊಂದನ್ನು ಮೂಸಿ ನೋಡಿ, “ಮೂವತ್ತು ವರ್ಸ ಮಡಗೋದಾ ಮಾವ? ನಾವು ಬೇಲು ಕಟ್ಟಿದ ಸೊಪ್ಪು ಒಂಚೂರು ಕಪ್ಪಿಗೆ ತಿರುಗಿದ್ರೆ ಹರಾಜಲ್ಲಿ ಮೂಗು ಮುರೀತಾರೆ” ಎಂದ. ಮಾತು ನಿಜ. ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಹೊಳೆಯುವ ಹಳದಿಗೆ ಒಳ್ಳೆಯ ಬೆಲೆ, ಕಂದಿದ್ದಕ್ಕೆ ಕೆಳದರ್ಜೆ. ಆಮೇಲೆ ಅದೇ ಜಾತಿಯ ಎಲೆ ಕಪ್ಪಾಗಲೆಂದು ನನ್ನಂಥವರು ಡಬ್ಬಿಯಲ್ಲಿ ಮುಚ್ಚಿಟ್ಟು ಕಾಯುತ್ತೇವೆ, ಕಪ್ಪಾದದ್ದಕ್ಕೆ ಹತ್ತುಪಟ್ಟು ಕೊಡುತ್ತೇವೆ. ಬೆಳೆದವನಿಗೆ ಮಾತ್ರ ಕಾಯುವ ಹಕ್ಕಿಲ್ಲ. ಅವನ ಸಾಲದ ಕಂತು ಹುದುಗುವುದಕ್ಕೆ ಬಿಡುವುದಿಲ್ಲ.

ಎಲ್ಲ ತಂಬಾಕೂ ಹಳೆಯದಾದಷ್ಟೂ ಉತ್ತಮವೆಂಬುದು ಸಂಗ್ರಹಕಾರರು ಹಬ್ಬಿಸಿದ ಭ್ರಮೆ. ಹಣ್ಣಿನ ರಸ, ವೆನಿಲ್ಲಾ ಬೆರೆಸಿದ್ದನ್ನು ಇಟ್ಟರೆ ಹಾಕಿದ ಪರಿಮಳ ಹಾರಿಹೋಗಿ ಬಡ ಎಲೆ ಉಳಿಯುತ್ತದೆ. ಲಟಾಕಿಯಾ ಇನ್ನೊಂದು ಬಗೆ. ಸಿರಿಯಾದ ರೇವುಪಟ್ಟಣದ ಹೆಸರು ಹೊತ್ತ, ಈಗ ಹೆಚ್ಚಾಗಿ ಸೈಪ್ರಸ್‌ನಿಂದ ಬರುವ ಈ ಎಲೆಯನ್ನು ಸುವಾಸನೆಯ ಕಟ್ಟಿಗೆ, ಪೊದೆಗಳ ಹೊಗೆಯಲ್ಲಿ ಹದಮಾಡುತ್ತಾರೆ. ಕೆಲವು ವರ್ಷ ಇಟ್ಟರೆ ಅದರ ಒರಟು ಇಳಿದು ಸೊಗಸಾಗುತ್ತದೆ. ಹಾಗೆಯೇ ಬಿಟ್ಟರೆ ಯಾವ ಹೊಗೆಗಾಗಿ ಅದನ್ನು ಮೆಚ್ಚಿದ್ದೆವೋ ಅದೇ ಮಾಯ. ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನ ಪೆರೀಕ್ ಮಾತ್ರ ಬಲು ಗಟ್ಟಿಗ. ಓಕ್ ಪೀಪಾಯಿಯಲ್ಲಿ ತುರುಕಿ, ಮೇಲಿಂದ ಒತ್ತಡ ಕೊಟ್ಟು, ತನ್ನದೇ ರಸದಲ್ಲಿ ತಿಂಗಳುಗಟ್ಟಲೆ ಕೊಳೆಯಿಸಿದ ಈ ಎಲೆ ಅರ್ಧ ಮುಪ್ಪನ್ನು ಹುಟ್ಟುವಾಗಲೇ ಮುಗಿಸಿರುತ್ತದೆ. ವರ್ಜೀನಿಯಾಕ್ಕೆ ಚಿಟಿಕೆಯಷ್ಟು ಇದು ಸೇರಿ ಹದಿನೈದು ವರ್ಷ ಕಳೆದಿದ್ದರೆ, ಅದಕ್ಕಿಂತ ರುಚಿಯಾದ ಮಿಶ್ರಣ ನನಗೆ ಗೊತ್ತಿಲ್ಲ. ಕಾಲ ಏನನ್ನೂ ಹೊಸದಾಗಿ ತಂದು ಹಾಕುವುದಿಲ್ಲ ಎಂಬುದು ನನ್ನ ವಾದ. ಎಲೆಯಲ್ಲಿ ಇದ್ದದ್ದನ್ನೇ ತಿರುವಿ, ಚೂಪುಗಳನ್ನು ಸವೆಸುತ್ತದೆ. ಕಳಪೆ ಎಲೆ ಮೂವತ್ತು ವರ್ಷದ ಮೇಲೂ ಕಳಪೆಯೇ, ಸ್ವಲ್ಪ ಮೆತ್ತಗಿನ ಕಳಪೆ.

ಆದರೂ ಹೆಸರಿಗೆ ಹಣ ಸುರಿಯುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. 1907ರಲ್ಲಿ ಆಲ್‌ಫ್ರೆಡ್ ಡನ್‌ಹಿಲ್ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದು, ಒಬ್ಬೊಬ್ಬ ಗಿರಾಕಿಯ ನಾಲಿಗೆಗೆ ಒಂದೊಂದು ಮಿಶ್ರಣ ಮಾಡಿ ನಂಬರ್ ಕೊಡುತ್ತಿದ್ದ. ‘ಮೈ ಮಿಕ್ಸ್ಚರ್ 965’ ಆ ಪರಂಪರೆಯದು. ಅದೇ ಹೆಸರಿನ ಡಬ್ಬಿ ಯಾವ ಕಾಲದ್ದು, ಲಂಡನ್ನಿನದೋ ಆಮೇಲೆ ಬೆಲ್‌ಫಾಸ್ಟಿನಲ್ಲಿ ಮಾಡಿದ್ದೋ ಎಂದು ಬರಹದ ಅಕ್ಷರ ನೋಡಿ ಜಗಳಾಡುವವರಿದ್ದಾರೆ. ಕ್ಯಾನ್ಸಸ್ ಸಿಟಿಯ ಮೆಕ್ಲೆಲಂಡ್ ಕಂಪನಿಯವರು ‘ಕ್ರಿಸ್‌ಮಸ್ ಚಿಯರ್’ ಡಬ್ಬಿಯ ಮೇಲೆ ವರ್ಷವನ್ನೇ ಅಚ್ಚುಹಾಕಿ ಈ ತಂಟೆ ತಪ್ಪಿಸಿದ್ದರು. 1977ರಲ್ಲಿ ಹುಟ್ಟಿದ ಆ ಕಂಪನಿ 2018ರಲ್ಲಿ ಬಾಗಿಲು ಮುಚ್ಚಿದ ಮೇಲೆ ಅವರ ಡಬ್ಬಿಗಳ ಬೆಲೆ ಹಾರಿದ್ದು ರುಚಿಗಿಂತ ಹೆಚ್ಚಾಗಿ ‘ಇನ್ನು ಸಿಗದು’ ಎಂಬ ಕಾರಣಕ್ಕೆ. ತೆರೆಯದೆ ಮಾರುತ್ತಾರೆ, ಕೊಂಡವರೂ ತೆರೆಯುವುದಿಲ್ಲ. ಇದಕ್ಕೆ ಬಂಗಾರ ಕೊಳ್ಳುವುದು ವಾಸಿ.

ಸೇದುವುದಕ್ಕೂ ಒಂದು ಕ್ರಮವಿದೆ. ಹಳೆಯ ಫ್ಲೇಕನ್ನು ಅಂಗೈಯಲ್ಲಿ ಹಗುರವಾಗಿ ಉಜ್ಜಿ ಬಿಡಿಸಿ, ಕಾಗದದ ಮೇಲೆ ಹರವಿ, ಹಿಸುಕಿದರೆ ಅಂಟದೆ, ಬಿಟ್ಟರೆ ಪುಡಿಯಾಗದೆ ಇರುವಷ್ಟು ಆರಿಸಬೇಕು. ಪೈಪಿಗೆ ತುಂಬುವಾಗ ಕೆಳಗೆ ಸಡಿಲ, ಮೇಲೆ ತುಸು ಬಿಗಿ. ಮೊದಲ ಬೆಂಕಿಗೆ ಎಲೆ ಮೈಮುರಿದು ಮೇಲೇಳುತ್ತದೆ, ಅದನ್ನು ಟ್ಯಾಂಪರಿನಿಂದ ಮೆಲ್ಲಗೆ ಒತ್ತಿ ಎರಡನೆಯ ಕಡ್ಡಿ ಗೀರಬೇಕು. ಆಮೇಲೆ ಆತುರ ಸಲ್ಲದು. ಜೋರಾಗಿ ಎಳೆದರೆ ನಾಲಿಗೆ ಸುಡುತ್ತದೆ, ಸಿಹಿಯೆಲ್ಲ ಉರಿದು ಕಹಿಯಾಗುತ್ತದೆ. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ; ಹಿತವಾಗಿ ಬೆಚ್ಚಗಿದ್ದರೆ ಸರಿ, ಚುರುಗುಟ್ಟಿದರೆ ಪೈಪ್ ಕೆಳಗಿಡಿ. ಈ ವಿಷಯದಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಅನುಸರಿಸಬಾರದು. ತಂಬಾಕನ್ನು ಪರ್ಷಿಯನ್ ಚಪ್ಪಲಿಯ ಮೂತಿಯಲ್ಲಿ ಇಡುವ, ಹಿಂದಿನ ದಿನದ ಪೈಪುಗಳಲ್ಲಿ ಉಳಿದ ಕರಿಕನ್ನೇ ಒಣಗಿಸಿ ಬೆಳಗ್ಗೆ ಸೇದುವ ಆಸಾಮಿ ಪತ್ತೇದಾರಿಕೆಯಲ್ಲಿ ಎಷ್ಟೇ ಜಾಣನಾಗಿರಲಿ, ಡಬ್ಬಿ ಕೊಟ್ಟು ನಂಬುವಂಥವನಲ್ಲ.

ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತೇನೆ ಎಂದು ನನ್ನ ಡಾಕ್ಟರಿಗೆ ಹೇಳಿದರೆ, “ಬಾಯಿಗೂ ಕ್ಯಾನ್ಸರ್ ಬರುತ್ತೆ ಸಾರ್” ಎಂದರು. ಎಲೆಗೆ ವಯಸ್ಸಾಯಿತೆಂದು ಅದರ ವಿಷಕ್ಕೆ ಸಂಕೋಚವೇನೂ ಆಗುವುದಿಲ್ಲ. ಹಾಗಾಗಿ ಅಪರೂಪಕ್ಕೊಮ್ಮೆ ಮಾತ್ರ.

ಇತ್ತೀಚೆಗೆ ಇಂಗ್ಲೆಂಡಿನ ಕೆಂಡಲ್ ಊರಿನ ಸ್ಯಾಮ್ಯುಯೆಲ್ ಗಾವಿತ್‌ನವರ ಫುಲ್ ವರ್ಜೀನಿಯಾ ಫ್ಲೇಕ್ ಹೊಸದು, ಹಳೆಯದು ಎರಡೂ ಒಟ್ಟಿಗೆ ಸಿಕ್ಕಿದ್ದವು. ಒಂದೇ ಬಗೆಯ ಎರಡು ಬ್ರಯರ್ ಪೈಪಿನಲ್ಲಿ ತುಂಬಿ, ಬದಲಿಸಿ ಬದಲಿಸಿ ಸೇದಿದೆ. ಹಳೆಯದು ತುಂಬಿಕೊಂಡ ದನಿಯಲ್ಲಿ ಮಾತಾಡಿತು, ಬುಡದವರೆಗೂ ಸಿಹಿ ಬಿಡಲಿಲ್ಲ. ಹೊಸದರಲ್ಲಿ ಒಣಹುಲ್ಲಿನ, ನಿಂಬೆ ಸಿಪ್ಪೆಯ ಚುರುಕು. ನಾಲಿಗೆಯನ್ನು ಸ್ವಲ್ಪ ಕಚ್ಚಿತು ಕೂಡ. ಹಳೆಯದರ ಮೇಲೆ ಇಷ್ಟು ಬರೆದವನು ಹೇಳಬಾರದ ಮಾತು, ಅವತ್ತು ಮತ್ತೊಮ್ಮೆ ತುಂಬಿಕೊಂಡದ್ದು ಹೊಸದನ್ನೇ.