ಕಡಲಿಲ್ಲದ ಊರಿನಲ್ಲಿ ಕಡಲ ಕಾವಲು



ಸಂಚಿಕೆಗೆ ಒಂದು ಪ್ರವಾಸ ಲೇಖನ ಬರೆದುಕೊಡಿ ಎಂದು ಸಂಘದವರು ಕೇಳಿದಾಗ ನನಗೆ ನಗು ಬಂತು. ಕಾಶಿ, ಕಾಶ್ಮೀರ, ಸಿಂಗಪುರಗಳನ್ನೆಲ್ಲ ನಿಮ್ಮ ಅಪ್ಪ ಅಮ್ಮಂದಿರು ಈ ಪುಟಗಳಲ್ಲಿ ಆಗಲೇ ಬರೆದು ಮುಗಿಸಿದ್ದಾರೆ. ನಾನು ಈಚೆಗೆ ಮಾಡಿದ ಪ್ರವಾಸವೆಂದರೆ ಸಿಕಂದರಾಬಾದಿನ ನಮ್ಮ ಮನೆಯಿಂದ ಪ್ರಗತಿ ನಗರದವರೆಗೆ, ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು. ಅಲ್ಲಿಯೂ ಗೇಟಿನ ಒಳಗೆ ಹೋಗಲಾಗಲಿಲ್ಲ. ಆದರೂ ಅದನ್ನೇ ಹೇಳುತ್ತೇನೆ, ಕೇಳಿ.

ನಮ್ಮ ಅಣ್ಣನ ಮಗಳು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಡಿಸೆಂಬರಿನಲ್ಲಿ ಗೆಳತಿಯರೊಡನೆ ಅಂಡಮಾನಿಗೆ ಹೋಗುವುದೆಂದು ಟಿಕೆಟ್ಟು ಮಾಡಿಸಿದ್ದಳು. ಅಷ್ಟರಲ್ಲಿ ವೈನಿಯವರ ಫೋನಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ಜ್ವಾಲಾಮುಖಿಯ ದ್ವೀಪವೊಂದು ಎರಡು ಹೋಳಾಗಿ ಸಮುದ್ರಕ್ಕೆ ಬೀಳುತ್ತದೆ, ಮುಗಿಲೆತ್ತರದ ಅಲೆ ಎದ್ದು ಊರಿಗೆ ಊರೇ ಮುಳುಗುತ್ತದೆ. ವೈನಿ ಅದನ್ನು ನೋಡಿದವರೇ ನನಗೆ ಫೋನು ಮಾಡಿದರು. "ನೀವರ ಸ್ವಲ್ಪ ಹೇಳ್ರಿ. ನಮ್ಮ ಮಾತು ಕೇಳೂದಿಲ್ಲ, ನಿಮ್ಮದು ಕೇಳ್ತಾಳ."

ಹುಚ್ಚು ವಿಡಿಯೋ ಎಂದು ನಕ್ಕು ಬಿಡಬಹುದಿತ್ತು. ನನಗೆ ಆಗಲಿಲ್ಲ. 2004ರ ಡಿಸೆಂಬರ್ 26 ಭಾನುವಾರ. ಮದ್ರಾಸಿನಲ್ಲಿದ್ದ ನಮ್ಮ ಷಡ್ಡಕರು ಬೆಳಗ್ಗೆ ಏಳರ ಸುಮಾರಿಗೆ ಫೋನು ಮಾಡಿ, "ಈಗ ಸ್ವಲ್ಪ ಹೊತ್ತಿನ ಹಿಂದೆ ಮಂಚ ಅಲ್ಲಾಡಿತು, ನಿಮ್ಮಲ್ಲೂ ಗೊತ್ತಾಯಿತೇ?" ಎಂದು ಕೇಳಿದ್ದರು. ನಮಗೆ ಗೊತ್ತಾಗಿರಲಿಲ್ಲ. ಅವರು ದಿನಾ ಮರೀನಾದಲ್ಲಿ ತಿರುಗಾಡುವವರು. ಅಂದು ಮನೆಗೆ ನೆಂಟರು ಬಂದು ತಡವಾಯಿತು. ಒಂಬತ್ತರ ಹೊತ್ತಿಗೆ ರಸ್ತೆ ದಾಟುವಾಗ ಎದುರಿನಿಂದ ಜನ ಓಡಿ ಬರುತ್ತಿದ್ದರಂತೆ, ಅವರ ಹಿಂದೆ ನೀರು. ಬದುಕಿ ಬಂದರು. ಆದರೆ ದಿನಾ ಅವರಿಗೆ ಸುಂಡಲ್ ಕಟ್ಟಿ ಕೊಡುತ್ತಿದ್ದ ಹೆಂಗಸನ್ನು ಆಮೇಲೆ ಅವರು ನೋಡಲೇ ಇಲ್ಲ. ಸುಮಾತ್ರಾದ ಬಳಿ ನೆಲ ನಡುಗಿದ್ದು ನಮ್ಮ ಗಡಿಯಾರದಲ್ಲಿ 6 ಗಂಟೆ 29 ನಿಮಿಷಕ್ಕೆ. ಎರಡು ಗಂಟೆಗೂ ಹೆಚ್ಚು ಕಾಲ ಅಲೆ ಬಂಗಾಳ ಕೊಲ್ಲಿಯನ್ನು ದಾಟುತ್ತಿತ್ತು, ಅಷ್ಟೂ ಹೊತ್ತು ದಡದ ಮೇಲಿದ್ದವರಿಗೆ ಹೇಳುವವರು ಯಾರೂ ಇರಲಿಲ್ಲ. ಭಾರತದಲ್ಲಿಯೇ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಅದಕ್ಕೇ ಹುಡುಗಿಗೆ ಉಪದೇಶ ಮಾಡುವ ಬದಲು, "ನಡಿ, ಹೇಳುವವರು ಈಗ ಎಲ್ಲಿ ಕೂತಿದ್ದಾರೆ ತೋರಿಸ್ತೀನಿ" ಎಂದು ನವೆಂಬರಿನ ಒಂದು ಭಾನುವಾರ ಸ್ಕೂಟರ್ ಹತ್ತಿಸಿಕೊಂಡು ಹೊರಟೆ. ಪ್ಯಾರಡೈಸ್, ಬೋಯಿನ್‌ಪಲ್ಲಿ, ಬಾಲಾನಗರ, ಕೂಕಟ್‌ಪಲ್ಲಿ. ಈ ದಾರಿಯನ್ನು ನಿಮಗೆ ವರ್ಣಿಸಬೇಕಾಗಿಲ್ಲ, ಅದರ ಟ್ರಾಫಿಕ್ಕನ್ನು ನೀವೇ ಅನುಭವಿಸಿದ್ದೀರಿ. ಪ್ರಗತಿ ನಗರದ ಕೆರೆ ಕಂಡಾಗ ಹಿಂದಿನಿಂದ ಪ್ರಶ್ನೆ ಬಂತು: "ಕಾಕಾ, ಇಲ್ಲಿ ಸಮುದ್ರ ಎಲ್ಲದ?"

ಸಮುದ್ರ ಎಲ್ಲೂ ಇಲ್ಲ. ಹೈದರಾಬಾದು ಇರುವುದೇ ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಮೇಲೆ, ಸುಮಾರು ಇನ್ನೂರೈವತ್ತು ಕೋಟಿ ವರ್ಷ ಹಳೆಯ ಬಂಡೆಗಳ ಮೇಲೆ. ಆದರೂ ಆ ಆವರಣದ ಹೆಸರು ಓಷನ್ ವ್ಯಾಲಿ! ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇರುವುದು ಇಲ್ಲಿ. ಹುಡುಗಿ ತೆಲುಗು ಬೋರ್ಡನ್ನು ಸರಾಗವಾಗಿ ಓದಿದಳು. (ತೆಲುಗು ಓದಬಲ್ಲ ನಿಮಗೆ ಕನ್ನಡ ಅಕ್ಷರ ಒಂದು ವಾರದ ಕೆಲಸ. ಇದನ್ನು ಅಮ್ಮನಿಂದ ಓದಿಸಿಕೊಳ್ಳುತ್ತಿರುವವರಿಗೆ ಈ ಮಾತು.) ಗೇಟಿನಲ್ಲಿದ್ದವರು ಮುಂಚಿತವಾಗಿ ಅನುಮತಿ ಪಡೆದು ಬರಬೇಕು ಎಂದರು. ಸರಿಯಾದ ಮಾತೇ. ಎದುರಿನ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತ, ಆ ಗೋಡೆಯ ಆಚೆ ಏನು ನಡೆಯುತ್ತದೆಂದು ನನಗೆ ತಿಳಿದಷ್ಟು ಹೇಳಿದೆ.

2007ರ ಅಕ್ಟೋಬರಿನಿಂದ ಇಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ನಡೆದಿದೆ. ಹಗಲು ರಾತ್ರಿ ಪಾಳಿಯ ಮೇಲೆ ಜನ ಕೂತಿರುತ್ತಾರೆ. ಸಮುದ್ರದ ಕೆಳಗೆ ದೊಡ್ಡ ಭೂಕಂಪವಾದರೆ ಭೂಕಂಪಮಾಪಕಗಳ ಸುದ್ದಿ ಇಲ್ಲಿಗೆ ಬರುತ್ತದೆ. ಎಲ್ಲಿ ಎಷ್ಟು ನಡುಗಿದರೆ ಯಾವ ದಡಕ್ಕೆ ಎಷ್ಟೆತ್ತರದ ಅಲೆ ಎಷ್ಟು ಹೊತ್ತಿಗೆ ಬಂದೀತು ಎಂದು ಮೊದಲೇ ಲೆಕ್ಕ ಹಾಕಿಟ್ಟ ಭಂಡಾರವೊಂದಿದೆ. ಅದನ್ನು ನೋಡಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮೊದಲ ಪ್ರಕಟಣೆ ಹೊರಡುತ್ತದೆ. ಆಮೇಲೆ ಸಾಗರತಳದಲ್ಲಿಟ್ಟ ಒತ್ತಡಮಾಪಕಗಳು, ಬಂದರುಗಳಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರಗಳು ಅಲೆ ನಿಜಕ್ಕೂ ಎದ್ದಿದೆಯೇ ಎಂದು ಹೇಳುತ್ತವೆ. 2012ರ ಏಪ್ರಿಲ್ 11ರಂದು ಸುಮಾತ್ರಾದಾಚೆ 8.6ರ ಭೂಕಂಪವಾದಾಗ ಈ ವ್ಯವಸ್ಥೆಯ ಪರೀಕ್ಷೆಯೂ ಆಯಿತು. ಹಿಂದೂ ಮಹಾಸಾಗರದ ಬೇರೆ ದೇಶಗಳಿಗೂ ಈಗ ಇಲ್ಲಿಂದಲೇ ಎಚ್ಚರಿಕೆ ಹೋಗುತ್ತದೆ. ಹಾಲು, ಮೊಸರು ತರಲು ನಾವು ಓಡಾಡುವ ಊರಿನಿಂದ!

"ಹಂಗಾದ್ರ ಅಮ್ಮಗ ಹೆದರಬ್ಯಾಡ ಅಂತ ಹೇಳ್ಲಾ?" ಎಂದಳು.

ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಈಗ ಹೇಳಿದ ವ್ಯವಸ್ಥೆಯನ್ನು ಇನ್ನೊಮ್ಮೆ ಓದಿ ನೋಡಿ. ಮೊದಲು ನೆಲ ನಡುಗಬೇಕು. ಅದು ಬಾಗಿಲು ಬಡಿದ ಹಾಗೆ. ಬಾಗಿಲು ಬಡಿಯದೆ ಒಳಗೆ ಬರುವ ಅಲೆಗಳೂ ಇವೆ.

ಜಾವಾ, ಸುಮಾತ್ರಾಗಳ ನಡುವಿನ ಸುಂಡಾ ಜಲಸಂಧಿಯಲ್ಲಿ ಕ್ರಕಟೋವಾ ಇದೆ. 1883ರ ಆಗಸ್ಟ್ 27ರಂದು ಅದು ಸಿಡಿದಾಗ ಎದ್ದ ಅಲೆಗಳಿಗೆ ಮೂವತ್ತಾರು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಆ ಅಲೆಯ ಕೊನೆಯ ಉಸಿರು ನಮ್ಮ ಮದ್ರಾಸು, ನಾಗಪಟ್ಟಣಗಳ ಅಳತೆ ಯಂತ್ರಗಳಲ್ಲೂ ಗೆರೆಯಾಗಿ ಮೂಡಿತ್ತು. ಹಳೆಯ ಬೆಟ್ಟ ನುಚ್ಚಾದ ಕುಳಿಯಲ್ಲಿ 1927ರ ಹೊತ್ತಿಗೆ ಹೊಸದೊಂದು ಏಳತೊಡಗಿತು. ಅಲ್ಲಿಯವರು ಅನಕ್ ಕ್ರಕಟೋವಾ ಎಂದು ಹೆಸರಿಟ್ಟರು, ಕ್ರಕಟೋವಾದ ಕೂಸು ಎಂದು ಅರ್ಥ. ಕೂಸು ಬೆಳೆದು 338 ಮೀಟರ್ ಎತ್ತರವಾಯಿತು.

ಇದು ಬೆಳೆಯುವ ಬಗೆ ನಿಮ್ಮ ಅಜ್ಜಂದಿರಿಗೆ ಹೇಳಿದರೆ ತಟ್ಟನೆ ತಿಳಿಯುತ್ತದೆ. ಕಲಬುರಗಿಯ ಕಡೆ ಕಣದಲ್ಲಿ ತೊಗರಿ ರಾಶಿ ಮಾಡುವಾಗ ಮೇಲಿಂದ ಸುರಿಯುತ್ತಲೇ ಹೋದರೆ ರಾಶಿ ಒಂದು ಹದದವರೆಗೆ ಏರುತ್ತದೆ, ಆಮೇಲೆ ಒಂದು ಮಗ್ಗುಲು ಸರ್ರನೆ ಜಾರುತ್ತದೆ. ಜ್ವಾಲಾಮುಖಿಯ ದ್ವೀಪವೂ ಬೂದಿ, ಕಲ್ಲು, ಲಾವಾಗಳ ರಾಶಿಯೇ. ಒಳಗಿನ ಬಿಸಿನೀರು, ಬಿಸಿಹಬೆಗಳು ಬಂಡೆಯನ್ನು ಕೊಳೆಸಿ ಮೆತ್ತಗೆ ಮಾಡುತ್ತಿರುತ್ತವೆ. ಅನಕ್ ಕ್ರಕಟೋವಾ ಕೂತಿದ್ದುದು ಹಳೆಯ ಕುಳಿಯ ಅಂಚಿನ ಇಳಿಜಾರಿನ ಮೇಲೆ. ಜಾರಿದರೆ ನೈಋತ್ಯಕ್ಕೇ ಜಾರೀತು, ಜಾವಾದ ದಡಕ್ಕೆ ಅಲೆ ಮುಕ್ಕಾಲು ಗಂಟೆಯೊಳಗೆ ತಲುಪೀತು ಎಂದು 2012ರಲ್ಲಿಯೇ ವಿಜ್ಞಾನಿಗಳು ಲೆಕ್ಕ ಹಾಕಿ ಪ್ರಕಟಿಸಿದ್ದರು.

2018ರ ಡಿಸೆಂಬರ್ 22, ಶನಿವಾರ ರಾತ್ರಿ ಒಂಬತ್ತರ ಸುಮಾರು. ರಜೆಯ ದಿನಗಳು. ತಂಜುಂಗ್ ಲೆಸುಂಗ್ ಎಂಬಲ್ಲಿ ಸಮುದ್ರಕ್ಕೆ ಬೆನ್ನು ಹಾಕಿದ ವೇದಿಕೆಯ ಮೇಲೆ ವಾದ್ಯವೃಂದವೊಂದು ಹಾಡುತ್ತಿತ್ತು. ಬೆಟ್ಟದ ಒಂದು ಮಗ್ಗುಲು ಸಮುದ್ರಕ್ಕೆ ಜಾರಿತು. ಭೂಕಂಪಮಾಪಕಗಳಿಗೆ ತಿಳಿದದ್ದು ಸಣ್ಣ ಕಂಪನ, ಎಚ್ಚರಿಕೆಯ ಗಂಟೆ ಬಾರಿಸುವಷ್ಟಲ್ಲ. ಅರ್ಧ ಗಂಟೆಯ ಸುಮಾರಿಗೆ ವೇದಿಕೆಯ ಹಿಂದಿನಿಂದ ನೀರು ಬಂತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಮೊದಲು ಅಧಿಕಾರಿಗಳೇ ಇದು ಸುನಾಮಿಯಲ್ಲ, ಹುಣ್ಣಿಮೆಯ ಉಬ್ಬರ ಎಂದು ಹೇಳಿ ಆಮೇಲೆ ತಿದ್ದಿಕೊಂಡರು. 338 ಮೀಟರಿನ ಬೆಟ್ಟದಲ್ಲಿ ಕೊನೆಗೆ ಉಳಿದದ್ದು ಸುಮಾರು 110 ಮೀಟರು.

ಇಂಥದು ಅದೊಂದೇ ಅಲ್ಲ. 1792ರಲ್ಲಿ ಜಪಾನಿನ ಉನ್ಜೆನ್ ಬಳಿಯ ಬೆಟ್ಟ ಜಾರಿ ಸುಮಾರು ಹದಿನೈದು ಸಾವಿರ ಜನ ಹೋದರು. 1888ರಲ್ಲಿ ನ್ಯೂಗಿನಿಯ ಹತ್ತಿರ ರಿಟರ್ ಎಂಬ ದ್ವೀಪ ಬಹುಪಾಲು ಕಡಲು ಸೇರಿತು. ಬಲು ಹಿಂದಿನ ಕಥೆ ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡೆಯದು. ಸುಮಾರು 73,000 ವರ್ಷಗಳ ಹಿಂದೆ ಫೋಗೋ ದ್ವೀಪ ಕುಸಿದಾಗ ಎದ್ದ ಅಲೆ ಐವತ್ತು ಕಿಲೋಮೀಟರಿನಾಚೆಯ ಸಾಂಟಿಯಾಗೋ ದ್ವೀಪದಲ್ಲಿ ನೂರಾರು ಟನ್ ತೂಕದ ಬಂಡೆಗಳನ್ನು ಸುಮಾರು 200 ಮೀಟರ್ ಎತ್ತರಕ್ಕೆ ಒಯ್ದು ಇಟ್ಟಿದೆ. ಬಂಡೆಗಳು ಈಗಲೂ ಅಲ್ಲಿವೆ.

ವೈನಿಯ ವಿಡಿಯೋ ಹುಟ್ಟಿದ್ದು ಇಂಥ ನಿಜದಿಂದಲೇ, ಆದರೆ ಬೆಳೆದದ್ದು ಬೇರೆ ರೀತಿ. ಸ್ಪೇನಿಗೆ ಸೇರಿದ ಲಾ ಪಾಲ್ಮಾ ದ್ವೀಪದ ಒಂದು ಭಾಗ ಒಮ್ಮೆಲೇ ಕುಸಿದರೆ ಅಮೆರಿಕದ ದಡಕ್ಕೆ 10ರಿಂದ 25 ಮೀಟರಿನ ಅಲೆ ಬಂದೀತು ಎಂದು 2001ರಲ್ಲಿ ಇಬ್ಬರು ವಿಜ್ಞಾನಿಗಳು ಬರೆದರು. ಟಿವಿಯವರು ಅದನ್ನು ಬಿಡಲಿಲ್ಲ. ಮುಂದಿನ ಅಧ್ಯಯನಗಳಲ್ಲಿ ಆ ಎತ್ತರ ಬಹಳ ಇಳಿಯಿತು. ಹುಸೇನ್ ಸಾಗರಕ್ಕೆ ಕಲ್ಲು ಎಸೆದು ನೋಡಿ. ಬಿದ್ದಲ್ಲಿ ನೀರು ಎಷ್ಟು ಹಾರುತ್ತದೆ, ದೂರ ಹೋದಂತೆ ಎಷ್ಟು ಬೇಗ ಅಡಗುತ್ತದೆ! ಭೂಕಂಪದ ಸುನಾಮಿಯಲ್ಲಿ ನೂರಾರು ಮೈಲು ಉದ್ದದ ಕಡಲ ನೆಲವೇ ಏಳುತ್ತದೆ, ಆದ್ದರಿಂದ ಆ ಅಲೆ ಸಾಗರ ದಾಟುತ್ತದೆ. ಕುಸಿತದ ಅಲೆ ಹತ್ತಿರದವರಿಗೆ ಯಮ, ದೂರದವರಿಗೆ ಅಷ್ಟಿಲ್ಲ. 2021ರಲ್ಲಿ ಲಾ ಪಾಲ್ಮಾ ಎಂಬತ್ತೈದು ದಿನ ಬೆಂಕಿ ಉಗುಳಿತು, ಸಾವಿರಕ್ಕೂ ಹೆಚ್ಚು ಮನೆಗಳು ಲಾವಾದಡಿ ಹೋದವು, ದ್ವೀಪ ಹೋಳಾಗಲಿಲ್ಲ.

ಹುಡುಗಿಗೆ ಲಾ ಪಾಲ್ಮಾದಲ್ಲಿ ಆಸಕ್ತಿಯಿರಲಿಲ್ಲ. "ಅಂಡಮಾನದಾಗ ಜ್ವಾಲಾಮುಖಿ ಅದ ಅಲ್ಲ?" ಎಂದಳು.

ಇದೆ. ಪೋರ್ಟ್ ಬ್ಲೇರಿನ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರು ದೂರದಲ್ಲಿ ಬ್ಯಾರನ್ ದ್ವೀಪ, ಭಾರತದಲ್ಲಿ ಜೀವಂತವಾಗಿರುವ ಒಂದೇ ಜ್ವಾಲಾಮುಖಿ. ಜನವಸತಿಯಿಲ್ಲ. ಬಹುಕಾಲ ತಣ್ಣಗಿದ್ದು 1991ರಲ್ಲಿ ಎದ್ದಿತು, ಆಮೇಲೂ ಹಲವು ಸಲ ಉಗುಳಿದೆ. ಅದರ ಎತ್ತರ ಸುಮಾರು 350 ಮೀಟರು, ಬಿದ್ದುಹೋದ ಆ ಕೂಸಿನಷ್ಟೇ. ಇದನ್ನು ಹೇಳಿದಾಗ ಅವಳ ಮುಖ ಸ್ವಲ್ಪ ಬದಲಾಯಿತು. ಎತ್ತರ ಒಂದೇ ಆದ ಮಾತ್ರಕ್ಕೆ ಗತಿ ಒಂದೇ ಆಗಬೇಕಿಲ್ಲ, ಬ್ಯಾರನ್‌ನ ಹೊಸ ಶಂಕು ಹಳೆಯ ಕುಳಿಯ ಗೋಡೆಗಳ ನಡುವೆ ಕೂತಿದೆ, ಪಶ್ಚಿಮಕ್ಕೆ ಮಾತ್ರ ತೆರೆದಿದೆ ಎಂದು ವಿವರಿಸಿದೆ. ಆದರೆ ಅವಳು ಇಳಿಯುವ ಸ್ವರಾಜ್ ದ್ವೀಪಕ್ಕೂ ಅದಕ್ಕೂ ನೂರು ಕಿಲೋಮೀಟರಿನ ಆಸುಪಾಸಿನ ಅಂತರ. ಸಾಗರತಳದ ಮಾಪಕಗಳು ಅಲೆ ಯಾವ ಕಾರಣದಿಂದ ಎದ್ದರೂ ಕಾಣಬಲ್ಲವು, ಆದರೆ ಅಲೆ ಅವುಗಳ ಮೇಲೆ ಹಾದಾಗ. ಹತ್ತಿರದ ದಡಕ್ಕೆ ಆಗ ಉಳಿಯುವುದು ಕೆಲವೇ ನಿಮಿಷ. ಈ ಗೋಡೆಯಾಚೆ ಕೂತವರು ಎಷ್ಟೇ ಜಾಣರಿದ್ದರೂ ಅಷ್ಟರಲ್ಲಿ ಅವಳ ಕೈಹಿಡಿದು ಎಬ್ಬಿಸಲಾರರು.

"ಸುನಾಮಿಗೆ ಕನ್ನಡದಾಗ ಏನಂತಾರ?" ಎಂದು ಕೇಳಿದಳು. ನಾನು ಯೋಚಿಸಿದೆ. ಕಡಲ್ಕೊರೆತ ಎಂಬ ಮಾತಿದೆ, ಉಳ್ಳಾಲದ ಕಡೆಯವರ ಬಾಯಲ್ಲಿ ಪ್ರತಿ ಮಳೆಗಾಲ ಬರುತ್ತದೆ. ಸುನಾಮಿಗೆ ಅಂಥ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದು ಕೇಳಿಲ್ಲ, ನಾವು 2004ರಲ್ಲಿ ಜಪಾನಿನವರ ಮಾತನ್ನೇ ಎತ್ತಿಕೊಂಡೆವು. ಮಲ್ಪೆಯ ಸೇಂಟ್ ಮೇರಿ ದ್ವೀಪಗಳಿಗೆ ನೀವು ಹೋಗಿರಬಹುದು. ಕಂಬ ಕಂಬವಾಗಿ ನಿಂತ ಆ ಕಲ್ಲುಗಳೂ ಜ್ವಾಲಾಮುಖಿಯವೇ, ಆದರೆ ಸುಮಾರು ಎಂಟೂವರೆ ಒಂಬತ್ತು ಕೋಟಿ ವರ್ಷಗಳ ಹಿಂದೆ ತಣ್ಣಗಾದವು. ಜಾರಲು ಅಲ್ಲಿ ಬೆಟ್ಟವೇ ಇಲ್ಲ.

ಸುಮಾತ್ರಾದ ಬಳಿಯ ಸಿಮೆಲೂ ದ್ವೀಪದವರಿಗೆ ಮಾತ್ರ ಒಂದು ಸ್ವಂತ ಮಾತಿತ್ತು, ಸ್ಮಾಂಗ್. 1907ರ ಅಲೆಯಲ್ಲಿ ಬದುಕುಳಿದವರು ಮೊಮ್ಮಕ್ಕಳಿಗೆ ಕಲಿಸಿದ್ದು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರಲ್ಲಿ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು. ಯಾವ ಯಂತ್ರವೂ ಇಲ್ಲದೆ! ಆದರೆ ಅಜ್ಜಿಯರ ಆ ಪಾಠವೂ ನೆಲ ನಡುಗುವುದರಿಂದಲೇ ಶುರುವಾಗುತ್ತದೆ. ಕುಸಿತದ ಅಲೆಗೆ ಅಜ್ಜಿಯೂ ಇಲ್ಲ. ಸಮುದ್ರ ಹಿಂದೆ ಸರಿಯುವುದನ್ನು ಕಾಯದೆ, ಕತ್ತಲಲ್ಲಿ ವಿಚಿತ್ರ ಮೊರೆತ ಕೇಳಿದರೆ, ನೀರು ಬರಬಾರದಲ್ಲಿ ಬಂದರೆ, ಹತ್ತಿರದ ಬೆಟ್ಟ ಉಗುಳುತ್ತಿದ್ದರೆ, ಫೋನು ತೆಗೆಯುವ ಮೊದಲು ಎತ್ತರಕ್ಕೆ ನಡೆ. ಮೊದಲ ಅಲೆ ಹೋಯಿತೆಂದು ಇಳಿಯಬೇಡ. ಚಹಾದ ಗ್ಲಾಸು ಕೆಳಗಿಡುತ್ತ ಇಷ್ಟನ್ನೇ ಹೇಳಿದೆ. ಹೋಗಬೇಡ ಎನ್ನಲಿಲ್ಲ. ವೈನಿ ಇದನ್ನು ಓದಿ ನನ್ನ ಮೇಲೆ ಸಿಟ್ಟಾಗುವುದು ಖಂಡಿತ.

ತಿರುಗಿ ಬರುವಾಗ ಬಾಲಾನಗರದ ಸಿಗ್ನಲ್ಲಿನಲ್ಲಿ ಹಿಂದಿನಿಂದ ಸದ್ದಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಫೋನಿನಲ್ಲಿ ನಕ್ಷೆ ತೆರೆದುಕೊಂಡಿದ್ದಳು.

"ಕಾಕಾ, ನಮ್ಮ ರೂಮು ದಂಡಿ ಮ್ಯಾಲೇ ಅದ. ಹಿಂದ ಗುಡ್ಡ ಅದ, ಆದ್ರ ನಡುವ ಕಂಪೌಂಡು. ಗೇಟು ರಾತ್ರಿ ತೆಗೆದಿರ್ತಾರೇನು?"

"ಫೋನು ಮಾಡಿ ಕೇಳು" ಎಂದೆ. ಸಿಗ್ನಲ್ಲು ಬಿಡುವುದರೊಳಗೆ ನಂಬರು ಒತ್ತಿದ್ದಳು.