ಮೊಂತಿ ಗುಡ್ಡದ ತೆನೆಯ ಹಬ್ಬ

ಮಂಗಳೂರಿನಿಂದ ಬಂಟವಾಳದ ಕಡೆಗೆ ಹೋಗುವ ಯಾತ್ರಿಕನಿಗೆ ಸುಮಾರು 12 ಕಿಲೋಮೀಟರುಗಳಾಚೆ, ನೇತ್ರಾವತಿಯ ದಡದಲ್ಲಿ, ಫರಂಗಿಪೇಟೆಯೆಂಬ ಸಣ್ಣ ಊರು ಸಿಕ್ಕುತ್ತದೆ. ಹೆದ್ದಾರಿಯ ಗದ್ದಲದಲ್ಲಿ ಅದನ್ನು ಗಮನಿಸದೆ ದಾಟಿಹೋಗುವವರೇ ಹೆಚ್ಚು. ಆದರೆ ಅಲ್ಲಿ ಒಂದು ಗುಡ್ಡವಿದೆ. ಗುಡ್ಡದ ಮೇಲೆ ಒಂದು ಇಗರ್ಜಿಯಿದೆ. ಪೋರ್ಚುಗೀಸರ ನುಡಿಯಲ್ಲಿ ಗುಡ್ಡಕ್ಕೆ ‘ಮೊಂತಿ’ ಎನ್ನುತ್ತಾರೆ. ಇಗರ್ಜಿಯ ಹೆಸರು ‘ಮೊಂತಿ ಮರಿಯಾನೊ’, ಎಂದರೆ ಮರಿಯಮ್ಮನವರ ಗುಡ್ಡ. ಕರಾವಳಿಯ ಕೊಂಕಣಿ ಕ್ರೈಸ್ತರು ಪ್ರತಿವರ್ಷವೂ ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬಕ್ಕೆ ಆ ಹೆಸರು ಬಂದುದು ಈ ಗುಡ್ಡದಿಂದಲೇ.

ಗೋವೆಯಿಂದ ಬಂದಿದ್ದ ಜೋಕಿಮ್ ಮಿರಾಂದ ಎಂಬ ಗುರುಗಳು 1763ರಲ್ಲಿ ಇಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಹೇಳುತ್ತಾರೆ. 1784ರಲ್ಲಿ ಟಿಪ್ಪು ಸುಲ್ತಾನನು ಈ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಕರಾವಳಿಯ ಹಲವು ಇಗರ್ಜಿಗಳು ನೆಲಸಮವಾದುವು. ಸುಲ್ತಾನನ ತಂದೆ ಹೈದರಾಲಿಗೂ ಮಿರಾಂದ ಗುರುಗಳಿಗೂ ಸ್ನೇಹವಿದ್ದುದರಿಂದ ಈ ಒಂದು ಇಗರ್ಜಿಯು ಉಳಿಯಿತೆಂದು ಪ್ರತೀತಿ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಬದುಕಿ ಉಳಿದವರಲ್ಲಿ ಅನೇಕರು ಕರಾವಳಿಗೆ ಹಿಂದಿರುಗಿದರು. ಹದಿನೈದು ವರ್ಷ ತಮ್ಮ ಗದ್ದೆಯ ಬದುವನ್ನು ಮೆಟ್ಟದೆ ಇದ್ದವರಿಗೆ ಮೊದಲ ತೆನೆಯು ಏನಾಗಿ ಕಂಡಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಹಬ್ಬದ ಮೂಲವಾದರೋ ಬಹು ದೂರದ್ದು. ಸೆಪ್ಟೆಂಬರ್ 8 ಮರಿಯಮ್ಮನವರ ಜನನದ ದಿನವೆಂದು ಧರ್ಮಸಭೆಯ ಪಂಚಾಂಗವು ಹೇಳುತ್ತದೆ. ಆಕೆಯ ಹುಟ್ಟಿನ ಮಾತು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಜೆರುಸಲೇಮಿನ ಕಡೆಯಲ್ಲಿ ಹುಟ್ಟಿದ ಈ ಆಚರಣೆಯು ಏಳನೆಯ ಶತಮಾನದಲ್ಲಿ ರೋಮಿಗೆ ಬಂದು, ಅಲ್ಲಿಂದ ನಾಡುನಾಡಿಗೆ ಹಬ್ಬಿತು. ಪಂಚಾಂಗದಲ್ಲಿ ಅದು ತಾಯಿಯೊಬ್ಬಳ ಹುಟ್ಟುಹಬ್ಬ ಮಾತ್ರ. ಅದಕ್ಕೆ ಭತ್ತದ ತೆನೆಯನ್ನು ಕೂಡಿಸಿದುದು ಈ ಕರಾವಳಿಯ ಮಳೆಗಾಲವು.

ಇಲ್ಲಿಯ ರೈತರು ವರ್ಷಕ್ಕೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳನ್ನು ಹೇಳುತ್ತಾರೆ. ಮುಂಗಾರಿನ ಆರಂಭದಲ್ಲಿ ನೆಟ್ಟ ಏಣೆಲಿನ ಪೈರು ಸೆಪ್ಟೆಂಬರಿನ ಹೊತ್ತಿಗೆ ತೆನೆ ಹೊಡೆಯುತ್ತದೆ. ತುಳುನಾಡಿನ ಹಿಂದೂ ಮನೆಗಳಲ್ಲಿ ಇದೇ ಕಾಲದಲ್ಲಿ ತೆನೆಯನ್ನು ತಂದು ಬಾಗಿಲಿಗೂ ಕಣಜಕ್ಕೂ ಕಟ್ಟಿ, ಹೊಸ ಅಕ್ಕಿಯನ್ನು ಉಣ್ಣುತ್ತಾರೆ. ನೆರೆಮನೆಗಳ ಗದ್ದೆ ಒಂದೇ, ಮಳೆ ಒಂದೇ; ಹೀಗಿರುವಾಗ ಹೊಸ ಫಲವನ್ನು ಮೊದಲು ದೇವರಿಗೆ ಒಪ್ಪಿಸಬೇಕೆಂಬ ಭಾವವೂ ಒಂದೇ ಆದುದರಲ್ಲಿ ಆಶ್ಚರ್ಯವೇನು?

ಹಬ್ಬದ ಸಿದ್ಧತೆಯು ಆಗಸ್ಟ್ 30ರಂದೇ ಮೊದಲಾಗುತ್ತದೆ. ಅಂದಿನಿಂದ ಒಂಬತ್ತು ದಿನ ಮಕ್ಕಳು ಹಿತ್ತಿಲಿನ ದಾಸವಾಳ, ಗೌರಿಹೂ, ಕರವೀರಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಇಗರ್ಜಿಗೆ ಬರುತ್ತಾರೆ. ಬಾಲೆ ಮರಿಯಮ್ಮನವರ ಪ್ರತಿಮೆಯ ಮುಂದೆ ಹಾಡುತ್ತ ಎಸಳುಗಳನ್ನು ಎರಚುತ್ತಾರೆ. ಹಬ್ಬದ ಬೆಳಿಗ್ಗೆ ಗುರುಗಳು ತೆನೆಯ ಕಟ್ಟುಗಳನ್ನು ಆಶೀರ್ವದಿಸುತ್ತಾರೆ. ಮೆರವಣಿಗೆಯೂ ಬಲಿಪೂಜೆಯೂ ನಡೆದು, ಒಂದೊಂದು ಮನೆಗೂ ತೆನೆಯನ್ನು ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬಿನ ಕೋಲು ಬಂದರೆ ಅವರ ಪಾಲಿಗೆ ಹಬ್ಬವು ಪೂರ್ಣವಾದಂತೆಯೇ.

ಮನೆಯಲ್ಲಿ ತೆನೆಯನ್ನು ದೇವರ ಪೀಠದ ಮುಂದಿಟ್ಟು, ಮೇಣದ ಬತ್ತಿ ಹಚ್ಚಿ, ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಕಾಳುಗಳ ಸಿಪ್ಪೆ ಸುಲಿದು, ಕುಟ್ಟಿ, ಹಾಲಿನಲ್ಲೋ ಪಾಯಸದಲ್ಲೋ ಬೆರಸುವುದು ಗೃಹಿಣಿಯ ಕೆಲಸ. ಮನೆಯ ಹಿರಿಯರು ಅದನ್ನು ಹಂಚುತ್ತಾರೆ. ಕಿರಿಯರು ಅವರ ಆಶೀರ್ವಾದವನ್ನು ಬೇಡುತ್ತಾರೆ. ಬಾಳೆಯೆಲೆಯ ಊಟದಲ್ಲಿ ಹರಿವೆ, ಬೆಂಡೆ, ಹಾಗಲ, ಅಲಸಂಡೆ, ಕೆಸುವಿನ ದಂಟು ಮೊದಲಾದ ಮಳೆಗಾಲದ ತರಕಾರಿಗಳೇ. ಪದಾರ್ಥಗಳ ಲೆಕ್ಕವು ಮೂರು, ಐದು, ಏಳು ಎಂದು ಬೆಸವಾಗಿರಬೇಕು. ಮೀನಿಲ್ಲದೆ ತುತ್ತು ಇಳಿಯದ ಸೀಮೆಯಲ್ಲಿ ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ.

ಪರದೇಶದ ಪಂಚಾಂಗವು ಇಲ್ಲಿಯ ಮಳೆಗೆ ಮಣಿದುದಕ್ಕೆ ಇನ್ನೊಂದು ಸಾಕ್ಷಿಯು ಕಾರ್ಕಳದ ಬಳಿಯ ಅತ್ತೂರಿನಲ್ಲಿದೆ. ರೋಮಿನಲ್ಲಿ 258ರಲ್ಲಿ ಪ್ರಾಣಾರ್ಪಣೆ ಮಾಡಿದ ಸಂತ ಲಾರೆನ್ಸರ ಹಬ್ಬವು ಆಗಸ್ಟ್ 10ರಂದು ಬರುತ್ತದೆ. ಆ ಸಮಯದಲ್ಲಿ ಅತ್ತೂರಿನ ದಾರಿಗಳಲ್ಲಿ ಮಳೆಯ ನೀರು ಹರಿಯುತ್ತಿರುತ್ತದೆ. ಆದುದರಿಂದ ಅಲ್ಲಿಯ ಮಹೋತ್ಸವವು ಜನವರಿಯ ಕೊನೆಯಲ್ಲಿ ನಡೆಯುತ್ತದೆ. ಜಾತಿಮತಗಳ ಭೇದವಿಲ್ಲದೆ ಜನರು ಹರಕೆ ಹೊತ್ತು ಬರುತ್ತಾರೆ. 2016ರಲ್ಲಿ ಆ ಇಗರ್ಜಿಗೆ ಬಸಿಲಿಕದ ಪದವಿಯು ದೊರೆಯಿತು. ಅತ್ತೂರಿನಲ್ಲಿ ಮಳೆಗಾಗಿ ಹಬ್ಬವು ಜಾಗ ಬಿಟ್ಟಿತು. ಫರಂಗಿಪೇಟೆಯಲ್ಲಿ ಮಳೆಯೇ ಹಬ್ಬಕ್ಕೆ ತೆನೆಯನ್ನು ತಂದುಕೊಟ್ಟಿತು.

ಆದರೆ ಇಂದು ಒಂದು ಚಿಂತೆಯು ಉಂಟಾಗಿದೆ. ಗದ್ದೆಗಳು ಅಡಿಕೆಯ ತೋಟಗಳಾಗಿವೆ, ಮನೆಯ ನಿವೇಶನಗಳಾಗಿವೆ. ಕೆಲವು ಹಡಿಲು ಬಿದ್ದಿವೆ. ಇಗರ್ಜಿಗೆ ಬೇಕಾದ ತೆನೆಯನ್ನು ಬೇರೆ ಊರಿನಿಂದ ತರಿಸಬೇಕಾದ ಕಡೆಗಳೂ ಇವೆ. ಪೈರನ್ನೇ ಕಾಣದ ಮಗುವು ತೆನೆಯನ್ನು ಹಿಡಿದು, “ಇದು ಯಾವ ಗಿಡ?” ಎಂದು ಕೇಳಿದರೆ ಹಿರಿಯರು ಏನು ಹೇಳಬೇಕು? ಬೆಳೆಯದ ಫಲಕ್ಕಾಗಿ ಕೃತಜ್ಞತೆಯನ್ನು ಸಲ್ಲಿಸುವುದು ಬರಿಯ ಶಾಸ್ತ್ರವಾಗುವುದಿಲ್ಲವೇ?

ಈ ಪ್ರಶ್ನೆಗೆ ಕೆಲವು ಊರುಗಳ ಯುವಕರು ಕೈಯಿಂದಲೇ ಉತ್ತರ ಕೊಟ್ಟಿದ್ದಾರೆ. ಹಡಿಲು ಬಿದ್ದ ಗದ್ದೆಯನ್ನು ಹಸನುಮಾಡಿ, ಮಕ್ಕಳನ್ನೂ ಕೆಸರಿಗಿಳಿಸಿ ನೇಜಿ ನೆಟ್ಟು, ಆ ಬೆಳೆಯಿಂದಲೇ ಇಗರ್ಜಿಗೆ ತೆನೆಯನ್ನು ಒದಗಿಸಿದ್ದಾರೆ. ಮುಂಬಯಿಯಲ್ಲಿಯೂ ಕೊಲ್ಲಿಯ ನಾಡುಗಳಲ್ಲಿಯೂ ದುಡಿಯುವ ಮಕ್ಕಳಿಗೆ ತಾಯಂದಿರು ಆಶೀರ್ವದಿಸಿದ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಿಚಿ ಅಂಚೆಯಲ್ಲಿ ಕಳುಹಿಸುವುದುಂಟು. ಅಲ್ಲಿ ಅದು ಒಂದು ಲೋಟ ಹಾಲಿನಲ್ಲಿ ಬಿದ್ದು ಹಂಚಿಹೋಗುತ್ತದೆ. ಆ ಕಾಳು ಯಾರ ಗದ್ದೆಯದು, ನೆಟ್ಟವರು ಯಾರು ಎಂಬುದನ್ನು ಉಣ್ಣುವ ಮುನ್ನ ಮಕ್ಕಳಿಗೆ ಹೇಳುವ ಪದ್ಧತಿಯು ಮನೆಮನೆಯಲ್ಲಿ ನಿಲ್ಲಲಿ.

ಸೆಪ್ಟೆಂಬರಿನ ಮೊದಲ ವಾರದಲ್ಲಿ ಆ ದಾರಿಯಾಗಿ ಹೋಗುವವರು ಫರಂಗಿಪೇಟೆಯಲ್ಲಿ ಇಳಿದು ಗುಡ್ಡವನ್ನೇರಬೇಕು. ಬಿಡುವ ಮಳೆ, ಮಕ್ಕಳ ಹಾಡು, ಮೆಟ್ಟಿಲ ಮೇಲೆ ಒದ್ದೆಯಾದ ಎಸಳುಗಳು ಅವರನ್ನು ಎದುರುಗೊಳ್ಳುತ್ತವೆ.